ಆರು ಕಿವಿಯ ಪೆಟ್ಟಿಗೆ, ಒಂದು ಕುಂಯ್ ಸದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಲಿಪ್ ಮೈಕ್ ಕಿಟ್ ಒಂದರ ವಿಮರ್ಶೆ. ಗಾಡಿಯ ಆರು ಕಡೆ ಆರು ಕ್ಲಿಪ್ ಕಚ್ಚಿಸಿ, ಗಾಡಿ ಓಡುತ್ತಿರುವಾಗಲೇ ಒಂದೊಂದು ಜಾಗದ ಸದ್ದನ್ನೂ ಹೆಡ್‌ಫೋನಿನಲ್ಲಿ ಕೇಳುವ ಪೆಟ್ಟಿಗೆ ಅದು. ಮೆಕ್ಯಾನಿಕ್‌ಗಳು ಬಳಸುವ ಸ್ಟೆತೊಸ್ಕೋಪ್ ಬಗ್ಗೆಯೂ ನಾಲ್ಕು ಮಾತು ಇದೆ. ಯಾಕಂದ್ರೆ ನಾನು ಮೊದಲು ಕೊಂಡದ್ದು ಅದನ್ನೇ, ನನ್ನನ್ನು ಮೊದಲು ದಾರಿ ತಪ್ಪಿಸಿದ್ದೂ ಅದೇ. ಸುಮ್ನೆ ಸ್ಟಾರ್ ಎಷ್ಟು ಅಂತ ಬೇಕಾದವರಿಗೆ: ಕಿಟ್‌ಗೆ ಐದಕ್ಕೆ ಮೂರೂವರೆ. ಆ ಒಂದೂವರೆ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಪೂರ್ತಿ ಓದಬೇಕು.

ನನ್ನ ಗಾಡಿ ಹಳೆಯ ಬೈಕು. ಇಂಜಿನ್ ಅಡ್ಡಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಚೈನಿಲ್ಲ, ಶಾಫ್ಟ್, ಅಂದರೆ ತಿರುಗುವ ಉದ್ದನೆಯ ದಂಡ. ಚೈನಿಗೆ ಎಣ್ಣೆ ಬಿಡುವುದು, ಬಿಗಿ ಮಾಡುವುದು, ಪ್ಯಾಂಟಿಗೆ ಕರಿ ಮೆತ್ತಿಕೊಳ್ಳುವುದು ಯಾವುದೂ ಬೇಡ ಎಂದೇ ಕೊಂಡದ್ದು. 1923ರ ಬಿಎಂಡಬ್ಲ್ಯು ಆರ್ 32 ಕಾಲದಿಂದಲೂ ಶಾಫ್ಟ್ ಗಾಡಿ ಕೊಳ್ಳುವವರು ತಮಗೆ ತಾವೇ ಹೇಳಿಕೊಳ್ಳುವ ಮಾತು ಇದೇ ಇರಬೇಕು. ಮಾತು ಸುಳ್ಳೇನಲ್ಲ. ಆದರೆ ಚೈನ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಶಾಫ್ಟ್ ಗಾಡಿಯಲ್ಲಿ ಎಲ್ಲವೂ ಅಲ್ಯೂಮಿನಿಯಮ್ ಡಬ್ಬಿಗಳ ಒಳಗೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ, ಏನಾದರೂ ಆದರೆ ಹೊರಗೆ ಬರುವುದು ಸದ್ದು ಮಾತ್ರ.

ಬಂದದ್ದೂ ಅದೇ. ಗಂಟೆಗೆ 60 ಕಿಲೋಮೀಟರ್ ದಾಟುತ್ತಿದ್ದ ಹಾಗೆ ಶುರು, 90ರ ಹತ್ತಿರ ಗಾಳಿಯ ಸದ್ದಿನಲ್ಲಿ ಮುಳುಗಿಹೋಗುವವರೆಗೂ ಇರುತ್ತಿತ್ತು. ಮುಚ್ಚಿದ ಬಾಗಿಲಿನ ಹಿಂದೆ ನಾಯಿಮರಿ ಕುಂಯ್‌ಗುಟ್ಟಿದ ಹಾಗೆ. ವೇಗ ಏರಿದಂತೆ ದನಿ ತೆಳ್ಳಗಾಗುತ್ತಾ ಮೇಲಕ್ಕೆ ಹೋಗುತ್ತಿತ್ತು. ರೇಸ್ ಕೊಟ್ಟಾಗ ಜೋರು, ಬಿಟ್ಟಾಗ ಅರ್ಧಕ್ಕರ್ಧ ಕಡಿಮೆ. ಶಾಫ್ಟ್ ಗಾಡಿ ಅಂದ ಮೇಲೆ ಸ್ವಲ್ಪ ಕುಂಯ್ ಇದ್ದೇ ಇರುತ್ತದೆ, ತಿರುಗುವ ದಿಕ್ಕನ್ನು ಅಡ್ಡಕ್ಕೆ ಹೊರಳಿಸುವ ಬೆವೆಲ್ ಗೇರಿನ ಹಲ್ಲು ಹಲ್ಲಿಗೆ ತಾಗಿ ತಿರುಗುವಾಗ ಪೂರ್ತಿ ಮೌನ ಯಾರೂ ಕೊಡಲಾರರು. ಹಾಗಾಗಿ ಸದ್ದು ಇದೆಯಾ ಅನ್ನುವುದು ಪ್ರಶ್ನೆಯಲ್ಲ. ನಿನ್ನೆ ಇಲ್ಲದ್ದು ಇವತ್ತು ಇದೆಯಾ ಅನ್ನುವುದು ಪ್ರಶ್ನೆ. ನನ್ನದು ಒಂದು ತಿಂಗಳಲ್ಲಿ ಬಂದು ಕೂತ ಸದ್ದು.

ಒಂದು ಅಡ್ಡ ಮಾತು. ಕಿವಿಗೆ ಇಯರ್‌ಪ್ಲಗ್ ಹಾಕಿ ಓಡಿಸುವ ಅಭ್ಯಾಸ ಹೊಸದಾಗಿ ಶುರು ಮಾಡಿದವರಿಗೆ ಗಾಡಿಯಲ್ಲಿ ಇಲ್ಲದ ಕಾಯಿಲೆಗಳೆಲ್ಲ ಕೇಳಿಸುತ್ತವೆ. ಗಾಳಿಯ ಗದ್ದಲ ಕಡಿಮೆಯಾಗಿ, ಫುಟ್‌ರೆಸ್ಟು ಸೀಟುಗಳ ಮೂಲಕ ಮೈಗೆ ಏರುವ ಸದ್ದು ಎದ್ದು ಕಾಣುತ್ತದೆ. ನನಗೂ ಮೊದಲು ಅದೇ ಅನುಮಾನ ಬಂತು. ಪ್ಲಗ್ ತೆಗೆದೆ, ಹೆಲ್ಮೆಟ್ ಬದಲಿಸಿದೆ, ಕುಂಯ್ ಹಾಗೇ ಇತ್ತು.

ಈಗ ಉಪಕರಣ ಯಾವುದೂ ಬೇಡದ ಪರೀಕ್ಷೆಗಳು. ಕಿಟ್ ಕೊಳ್ಳುವ ಮೊದಲು ಇವನ್ನು ಮಾಡಲೇಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಮೊದಲನೆಯದು ನ್ಯೂಟ್ರಲ್‌ನಲ್ಲಿ ನಿಂತಲ್ಲೇ ರೇಸ್ ಕೊಡುವುದು. ಸದ್ದು ಬಂದರೆ ಇಂಜಿನ್ ಕಡೆಯದು: ಆಲ್ಟರ್ನೇಟರ್, ಕ್ಯಾಮ್ ಚೈನ್, ಪ್ರೈಮರಿ ಗೇರ್, ಹೀಗೆ. ನನಗೆ ಬರಲಿಲ್ಲ. ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. 80ರಲ್ಲಿ ಟಾಪ್ ಗೇರಿನಲ್ಲಿ ಹೋಗುತ್ತಾ ದನಿಯನ್ನು ನೆನಪಿಟ್ಟುಕೊಳ್ಳಿ, ಅದೇ 80ರಲ್ಲೇ ಒಂದು ಗೇರ್ ಇಳಿಸಿ. ಇಂಜಿನ್ ಜಾಸ್ತಿ ತಿರುಗುತ್ತದೆ, ಚಕ್ರ ಮೊದಲಿನಷ್ಟೇ ತಿರುಗುತ್ತದೆ. ಕುಂಯ್ ದನಿ ಇಂಜಿನ್ ಜೊತೆ ಮೇಲೆ ಹೋಯಿತೋ, ಸದ್ದು ಗೇರ್‌ಬಾಕ್ಸಿನ ಔಟ್‌ಪುಟ್ಟಿಗಿಂತ ಮುಂಚಿನದು. ದನಿ ಅಲ್ಲೇ ನಿಂತಿತೋ, ಅದು ಚಕ್ರದ ವೇಗಕ್ಕೆ ಕಟ್ಟುಬಿದ್ದ ಸದ್ದು, ಅಂದರೆ ಔಟ್‌ಪುಟ್ ಶಾಫ್ಟಿನಿಂದ ಹಿಂದಕ್ಕೆ, ಟೈರಿನವರೆಗೆ ಎಲ್ಲೋ ಇದೆ. ಒಂದೇ ಒಂದು ಗೇರಿನಲ್ಲಿ ಮಾತ್ರ ಬಂದು ಉಳಿದವುಗಳಲ್ಲಿ ಇಲ್ಲದಿದ್ದರೆ ಗೇರ್‌ಬಾಕ್ಸಿನ ಆ ಜೋಡಿಯ ಮೇಲೆ ಅನುಮಾನ ಪಡಬೇಕು. ನನ್ನದರಲ್ಲಿ ದನಿ ಕದಲಲಿಲ್ಲ.

ಮೂರನೆಯದು ಕ್ಲಚ್ ಹಿಡಿದು ಗಾಡಿಯನ್ನು ಹಾಗೇ ಹರಿಯಬಿಡುವುದು. ಸದ್ದು ಪೂರ್ತಿ ಹೋಗಲಿಲ್ಲ, ತೆಳುವಾಯಿತು. ರೇಸ್ ಕೊಟ್ಟಾಗ ಜೋರಾಗಿ, ಬಿಟ್ಟಾಗ ಇಳಿಯುವ ಸದ್ದು ಗೇರಿನ ಹಲ್ಲುಗಳ ಹತ್ತಿರದ ವಿಷಯ ಅಂತ ತಿಳಿಯಬಹುದು, ಯಾಕಂದ್ರೆ ಎಳೆಯುವಾಗ ಹಲ್ಲಿನ ಒಂದು ಮುಖ ತಾಗುತ್ತದೆ, ಬಿಟ್ಟಾಗ ಇನ್ನೊಂದು ಮುಖ. ಆದರೆ ಪಿನಿಯನ್ (ಗೇರಿನ ಜೋಡಿಯಲ್ಲಿ ಚಿಕ್ಕದು) ಹಿಡಿದುಕೊಂಡ ಬೇರಿಂಗ್ ಸವೆದಿದ್ದರೂ ಲೋಡ್ ಬಿದ್ದಾಗ ಪಿನಿಯನ್ ಕೂದಲೆಳೆಯಷ್ಟು ಸರಿದು ಹಲ್ಲು ಕೂಡುವ ಜಾಗವೇ ಬದಲಾಗುತ್ತದೆ, ಆಗ ಬೇರಿಂಗಿನ ತಪ್ಪಿಗೆ ಗೇರು ಕೂಗುತ್ತದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ. ಲೋಡಿಗೆ ಸಂಬಂಧವೇ ಇಲ್ಲದೆ ಒಂದೇ ಸಮನೆ ಗರಗರ ಅನ್ನುವುದು ಚಕ್ರದ ಬೇರಿಂಗಿನ ಗುಣ. ರೇಸ್ ಕೊಟ್ಟು ಬಿಟ್ಟು ಮಾಡಿದಾಗ ಟಕ್ ಅಂತ ಹೊಡೆದರೆ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗಿಯೂ ತಿರುಗಲು ಬಿಡುವ ಕೀಲು) ಅಥವಾ ಸವೆದ ಸ್ಪ್ಲೈನ್ (ಶಾಫ್ಟಿನ ತುದಿಯನ್ನು ಕೂಡಿಸುವ ಉದ್ದುದ್ದ ಹಲ್ಲುಗಳು). ಜಾಯಿಂಟ್ ಹಾಳಾದರೆ ನಡುಕ ಬರುತ್ತದೆ, ಟಕಟಕ ಬರುತ್ತದೆ, ಕುಂಯ್ ಅನ್ನುವುದು ಕಡಿಮೆ.

ಟೈರನ್ನು ಮರೆಯಬೇಡಿ. ಬ್ಲಾಕುಗಳು ಏಣು ಏಣಾಗಿ ಸವೆದ ಟೈರ್, ಅದರಲ್ಲೂ ಮುಂದಿನದು, ಎಷ್ಟು ಚೆನ್ನಾಗಿ ಗೇರಿನ ಹಾಗೆ ನಟಿಸುತ್ತದೆ ಅಂದರೆ ಅನುಭವಸ್ಥರೂ ಮೋಸಹೋಗುತ್ತಾರೆ. ಅದನ್ನು ಹಿಡಿಯುವ ದಾರಿ ಸುಲಭ. ರಸ್ತೆಯ ಮೈ ಒರಟಿನಿಂದ ನುಣುಪಿಗೆ ಬದಲಾದಾಗ ಟೈರಿನ ಸದ್ದು ಬದಲಾಗುತ್ತದೆ, ಗಾಡಿ ವಾಲಿಸಿದಾಗಲೂ ಬದಲಾಗುತ್ತದೆ. ಗೇರಿಗೆ ರಸ್ತೆ ಯಾವುದಾದರೇನು? ನನ್ನ ಗಾಡಿಯಲ್ಲಿ ನಿಜಕ್ಕೂ ಎರಡು ಸದ್ದು ಇದ್ದವು, ಅದು ತಿಳಿದದ್ದೇ ಈ ಪರೀಕ್ಷೆಯಲ್ಲಿ. ಕೆಳಗಿನ ದನಿಯ ಒಂದು ಗುಂಯ್, ರಸ್ತೆ ಬದಲಾದಾಗ ಬದಲಾಗುವುದು, ವಾಲಿಸಿದಾಗ ಜೋರಾಗುವುದು. ಅದರ ಮೇಲೆ ಕೂತಿದ್ದ ತೆಳ್ಳನೆಯ ಕುಂಯ್, ಯಾವುದಕ್ಕೂ ಜಗ್ಗದ್ದು. ಗುಂಯ್ ಹಿಂದಿನ ಟೈರಿನದು, ಹೇಗೂ ಬದಲಿಸಬೇಕಿತ್ತು, ಬದಲಿಸಿದೆ. ಕುಂಯ್ ಒಂದೇ ಉಳಿದಾಗ ಇನ್ನೂ ಸ್ಪಷ್ಟವಾಗಿ ಕೇಳಿ ಇನ್ನೂ ಜಾಸ್ತಿ ಸಿಟ್ಟು ಬಂತು.

ಇಷ್ಟಾದ ಮೇಲೆ ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಅವರು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಗೇರ್ ಹಾಕಿ ಹಿಂದಿನ ಚಕ್ರ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಿಂದಿನ ಡ್ರೈವ್ ಡಬ್ಬಿಗೆ (ಶಾಫ್ಟಿನ ತಿರುವನ್ನು ಚಕ್ರಕ್ಕೆ ದಾಟಿಸುವ ಗೇರುಗಳು ಇರುವುದು ಇದರಲ್ಲೇ) ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಹತ್ತು ಸೆಕೆಂಡಿಗೆ ತೀರ್ಪು ಬಂತು.

"ಹಿಂದಿನ ಡ್ರೈವ್ ಹೋಗಿದೆ ಸರ್. ಕ್ರೌನು, ಪಿನಿಯನ್ನು ಎರಡೂ ಸೆಟ್ಟಾಗೇ ಬದಲಾಯಿಸಬೇಕು."

"ಬಿಚ್ಚಿ ನೋಡೋದು ಬೇಡ್ವಾ?"

"ಸದ್ದಲ್ಲೇ ಗೊತ್ತಾಗುತ್ತಲ್ಲ ಸರ್."

ಸೆಟ್ಟಾಗಿ ಬದಲಿಸಬೇಕು ಎಂದದ್ದು ಸರಿ. ಕ್ರೌನ್ ಅಂದರೆ ಆ ಜೋಡಿಯ ದೊಡ್ಡ ಗೇರು. ಕ್ರೌನ್ ಪಿನಿಯನ್‌ಗಳು ಜೋಡಿಯಾಗಿ ತೇಯ್ದು ಹೊಂದಿಸಿದವು, ಒಂದನ್ನು ಹೊಸದು ಹಾಕಿ ಇನ್ನೊಂದನ್ನು ಹಳೆಯದು ಇಟ್ಟರೆ ಕುಂಯ್ ಇಲ್ಲದ ಗಾಡಿಯೂ ಕುಂಯ್ ಅನ್ನುತ್ತದೆ. ಆದರೆ ಹಳೆಯ ಗಾಡಿಗೆ ಆ ಸೆಟ್ ಸಿಗುವುದೇ ಕಷ್ಟ. ಅದಕ್ಕಿಂತ ಹೆಚ್ಚಾಗಿ, ಸ್ಟ್ಯಾಂಡಿನ ಮೇಲೆ ಕೇಳಿದ ಸದ್ದು ನಾನು ರಸ್ತೆಯಲ್ಲಿ ಕೇಳಿದ ಸದ್ದೇ ಅಲ್ಲ. ಅದು ಕಟಕಟ ಅನ್ನುತ್ತಿತ್ತು. ಬಾಯಿ ಬಿಡದೆ ಗಾಡಿ ವಾಪಸ್ ತಂದೆ.

ಮನೆಗೆ ಬಂದವನೇ ಸ್ಟೆತೊಸ್ಕೋಪ್ ಕೊಂಡೆ. ಡಾಕ್ಟರರದ್ದರ ಹಾಗೇ, ಆದರೆ ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಉದ್ದನೆಯ ಕಬ್ಬಿಣದ ಕಡ್ಡಿ. ವಸ್ತುವಾಗಿ ಚೆನ್ನಾಗಿದೆ. ಇಂಜೆಕ್ಟರ್ ಟಿಕ್ ಅನ್ನುತ್ತಿದೆಯಾ, ಯಾವ ಟ್ಯಾಪೆಟ್ ಸಡಿಲ, ಆಲ್ಟರ್ನೇಟರ್ ಬೇರಿಂಗ್ ಒಣಗಿದೆಯಾ, ಇಂಥದ್ದಕ್ಕೆಲ್ಲ ಇದಕ್ಕಿಂತ ಸುಲಭದ್ದು ಇಲ್ಲ. ಸ್ಕ್ರೂಡ್ರೈವರಿಗಿಂತ ಎಷ್ಟೋ ಮೇಲು. ನನ್ನ ಕೆಲಸಕ್ಕೆ ಮಾತ್ರ ದಂಡ. ಕಾರಣ ಉಪಕರಣದ್ದಲ್ಲ, ಸೆಂಟರ್ ಸ್ಟ್ಯಾಂಡಿನದ್ದು. ಚಕ್ರ ಗಾಳಿಯಲ್ಲಿ ನೇತಾಡುವಾಗ ಅದನ್ನು ಹಿಡಿದುಕೊಂಡ ತೋಳು, ಅಂದರೆ ಸ್ವಿಂಗ್‌ಆರ್ಮ್ ಪೂರ್ತಿ ಕೆಳಗಿಳಿದಿರುತ್ತದೆ, ಯೂನಿವರ್ಸಲ್ ಜಾಯಿಂಟ್ ರಸ್ತೆಯಲ್ಲಿ ಎಂದೂ ಇರದಷ್ಟು ಬಾಗಿರುತ್ತದೆ. ಚಕ್ರಕ್ಕೆ ತಡೆಯೇ ಇಲ್ಲದ್ದರಿಂದ ಇಂಜಿನ್ನಿನ ಒಂದೊಂದು ಹೊಡೆತಕ್ಕೂ ಹಲ್ಲುಗಳು ಹಿಂದೆ ಮುಂದೆ ಕುಣಿಯುತ್ತವೆ. ಒಳ್ಳೇ ಗಾಡಿಯೂ ಸ್ಟ್ಯಾಂಡಿನ ಮೇಲೆ ಕಟಕಟ ಅನ್ನುತ್ತದೆ. ಲೋಡ್ ಬಿದ್ದಾಗ ಜೋರಾಗುವ ಕುಂಯ್ ಮಾತ್ರ ಅಲ್ಲಿ ಕೇಳಿಸುವುದೇ ಇಲ್ಲ. ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿ ಲೋಡ್ ಕೊಡಬಹುದು ಅಂತ ಕೆಲವರು ಮಾಡುತ್ತಾರೆ. ತಿರುಗುವ ಚಕ್ರದ ಪಕ್ಕದಲ್ಲಿ ಕಡ್ಡಿ ಹಿಡಿದು ಕೂತು, ಇನ್ನೊಬ್ಬನಿಂದ ಬ್ರೇಕ್ ಒತ್ತಿಸಿಕೊಂಡು ಕಿವಿ ಕೊಡುವ ಧೈರ್ಯ ನನಗಂತೂ ಇಲ್ಲ. ನೀವೂ ಮಾಡಬೇಡಿ, ಬೆರಳು ಬೇಕಲ್ವಾ.

ಹಿಂದಿನ ಡ್ರೈವ್ ನಿಜವಾಗಿ ಕೆಟ್ಟಿದೆಯಾ ಅಂತ ಬಿಚ್ಚದೆ ನೋಡುವ ದಾರಿಯೂ ಇದೆ. ಎಣ್ಣೆ ಇಳಿಸಿದೆ. ಹಿಂದಿನ ಡ್ರೈವಿನಲ್ಲಿ ಇರುವುದೇ ಕಾಲು ಲೀಟರಿನ ಆಸುಪಾಸು, ಹೈಪಾಯ್ಡ್ ಗೇರ್ ಆಯಿಲ್, ಡಬ್ಬಿಯ ಮೇಲೆ ಜಿಎಲ್-5 ಅಂತ ಇರುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇತ್ತು. ಬೆರಳಲ್ಲಿ ಉಜ್ಜಿದರೆ ಕಾಡಿಗೆಯ ಹಾಗೆ ಹರಡಿತು. ಅದು ಮಾಮೂಲಿ. ಚುಚ್ಚುವ ಚೂರು, ಹೊಳೆಯುವ ಚಕ್ಕೆ ಇದ್ದರೆ ಆತಂಕ ಪಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ. ನನ್ನದು ಸ್ವಚ್ಛ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಒಂದಿಷ್ಟೂ ಪ್ಲೇ, ಅಂದರೆ ಸಡಿಲ, ಇಲ್ಲ. ಅರ್ಧ ಗಂಟೆ ಓಡಿಸಿ ಬಂದು ಡಬ್ಬಿ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. (ಮುಟ್ಟುವ ಮೊದಲು ಬ್ರೇಕ್ ಹೆಚ್ಚು ಬಳಸಬೇಡಿ, ಪಕ್ಕದ ಡಿಸ್ಕಿನ ಕಾವು ಡಬ್ಬಿಗೂ ಬಂದು ಸುಮ್ನೆ ಹೆದರಿಸುತ್ತದೆ.) ಇಷ್ಟೆಲ್ಲ ಸರಿ ಇರುವ ಡ್ರೈವ್ ಹೋಗಿದೆ ಅಂತ ನಂಬಲು ಮನಸ್ಸಾಗಲಿಲ್ಲ.

ಆಮೇಲೆ ಮೊಬೈಲು. ಸದ್ದನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಗೇರಿನ ಕುಂಯ್ ಎಷ್ಟು ಹರ್ಟ್ಸ್ ಅನ್ನುವುದಕ್ಕೆ ಲೆಕ್ಕ ತುಂಬಾ ಸುಲಭ: ಸೆಕೆಂಡಿಗೆ ಎಷ್ಟು ಸುತ್ತು, ಅದನ್ನು ಹಲ್ಲುಗಳ ಸಂಖ್ಯೆಯಿಂದ ಗುಣಿಸಿದರೆ ಆಯಿತು. ಹಿಂದಿನ ಟೈರಿನ ಸುತ್ತಳತೆ 2 ಮೀಟರ್ ಅಂತ ಇಟ್ಟುಕೊಳ್ಳಿ. 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ, ಚಕ್ರ 11 ಸುತ್ತು ಚಿಲ್ಲರೆ. ಕ್ರೌನಿಗೆ 33 ಹಲ್ಲು ಇದ್ದರೆ ಸುಮಾರು 370 ಹರ್ಟ್ಸ್. ಈಗ ಮುಂದಿನ ಡಬ್ಬಿಗೆ ಬನ್ನಿ.

ಮುಂದಿನ ಡಬ್ಬಿ ಯಾವುದು ಅಂದಿರಾ? ಬಿಎಂಡಬ್ಲ್ಯು ಬಾಕ್ಸರ್, ಮೋಟೋ ಗುಝಿಗಳಲ್ಲಿ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) ಗಾಡಿಯ ಉದ್ದಕ್ಕೇ ಮಲಗಿರುತ್ತದೆ. ತಿರುಗುವ ದಿಕ್ಕು ಮೊದಲೇ ಶಾಫ್ಟಿಗೆ ಹೊಂದಿರುವುದರಿಂದ ಹಿಂದಿನ ಚಕ್ರದ ಹತ್ತಿರ ಒಂದೇ ಸಲ ತಿರುವು ಸಾಕು. ಇಂಜಿನ್ ಅಡ್ಡಕ್ಕಿದ್ದರೆ ಎರಡು ತಿರುವು ಬೇಕು. ಗೇರ್‌ಬಾಕ್ಸಿನಿಂದ ಹೊರಬರುವಾಗ ಒಂದು ಬೆವೆಲ್ ಜೋಡಿ, ಅದಕ್ಕೆ ಮಿಡಲ್ ಗೇರ್ ಅನ್ನುತ್ತಾರೆ. ಶಾಫ್ಟಿನ ಆ ಕೊನೆಯಲ್ಲಿ ಇನ್ನೊಂದು ಜೋಡಿ. ಅಂದರೆ ಕುಂಯ್ ಅನ್ನಬಲ್ಲ ಜಾಗ ಎರಡು, ಎರಡೂ ಚಕ್ರದ ವೇಗಕ್ಕೇ ಕಟ್ಟುಬಿದ್ದವು. ನನ್ನ ಎರಡನೇ ಪರೀಕ್ಷೆ ಇವೆರಡನ್ನು ಬೇರೆ ಮಾಡಿ ಹೇಳಲಾರದು, ಗ್ಯಾರೇಜಿನವರಿಗೆ ಇದು ಹೊಳೆಯಲೇ ಇಲ್ಲ. ಲೆಕ್ಕ ಬೇರೆ ಮಾಡುತ್ತದೆ. ಪಿನಿಯನ್‌ಗೆ 10 ಹಲ್ಲು ಇದ್ದರೆ ಶಾಫ್ಟ್ ಚಕ್ರದ 3.3 ಪಟ್ಟು, ಸೆಕೆಂಡಿಗೆ ಸುಮಾರು 37 ಸುತ್ತು ತಿರುಗುತ್ತದೆ. ಮಿಡಲ್ ಗೇರಿನ ಶಾಫ್ಟ್ ಕಡೆಯ ಗೇರಿಗೆ 19 ಹಲ್ಲು ಅಂದುಕೊಂಡರೆ 700 ಹರ್ಟ್ಸ್. 370 ಎಲ್ಲಿ, 700 ಎಲ್ಲಿ! ನಿಮ್ಮ ಗಾಡಿಯ ಹಲ್ಲಿನ ಸಂಖ್ಯೆ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಒಂದೇ ಎಚ್ಚರಿಕೆ, 370ರ ದುಪ್ಪಟ್ಟು 740. ಗೇರಿನ ಸದ್ದಿಗೆ ದುಪ್ಪಟ್ಟಿನ ಗೆರೆಯೂ ಇರುವುದು ಸಹಜ, ಅದನ್ನು 700 ಅಂತ ಓದಿಬಿಡಬಹುದು. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿಯೇ ತೋರಿಸುವುದು ಎಲ್ಲರಿಗೂ ಗೊತ್ತು, ಹಾಗಾಗಿ ವೇಗಕ್ಕೆ ಜಿಪಿಎಸ್ ನೋಡಿ.

ಮೊಬೈಲನ್ನು ಜೇಬಿನಲ್ಲಿ ಇಟ್ಟಾಗ ಬರೀ ಗಾಳಿ ಬಂತು. ಸೀಟಿನ ಕೆಳಗೆ ಫ್ರೇಮಿಗೆ ಒತ್ತಿ ಕಟ್ಟಿದಾಗ ಗೆರೆ ಕಂಡಿತು. ಎದ್ದು ಕಂಡದ್ದು ಮೇಲಿನ ಗೆರೆ, ಮಿಡಲ್ ಗೇರಿನ ಲೆಕ್ಕಕ್ಕೆ ಹತ್ತಿರದ್ದು. ಕೆಳಗಿನದ್ದು ಇತ್ತು, ಆದರೆ ಮಬ್ಬು. ನಂಬಿಕೆ ಅರ್ಧ ಬಂತು. ಮೊಬೈಲ್ ಕಟ್ಟಿದ ಜಾಗವೇ ಮಿಡಲ್ ಗೇರಿಗೆ ಹತ್ತಿರ ಅಲ್ವಾ, ಹತ್ತಿರದವನ ದನಿ ಜೋರಾಗಿ ಕೇಳುವುದರಲ್ಲಿ ಏನು ವಿಶೇಷ? ಇನ್ನೊಂದು ಸಾಕ್ಷಿ ಬೇಕಿತ್ತು. ಕಿಟ್ ಕೊಂಡದ್ದು ಆಗ.

ಪೆಟ್ಟಿಗೆಯಲ್ಲಿ ಇದ್ದದ್ದು: ಬ್ಯಾಟರಿ ಚಾರ್ಜರಿನ ಮೊಸಳೆ ಕ್ಲಿಪ್ಪಿನಂಥ ಆರು ದೊಡ್ಡ ಕ್ಲಿಪ್, ಒಂದೊಂದರ ಬೆನ್ನ ಮೇಲೂ ಒಂದು ಪುಟ್ಟ ಮೈಕ್, ಬೇರೆ ಬೇರೆ ಬಣ್ಣದ ಉದ್ದನೆಯ ತಂತಿಗಳು, 1ರಿಂದ 6ರವರೆಗೆ ತಿರುಗಿಸುವ ಗುಂಡಿ ಇರುವ ಡಬ್ಬಿ, 9 ವೋಲ್ಟಿನ ಬ್ಯಾಟರಿ, ಹೆಡ್‌ಫೋನ್. ತಂತಿ ಇಲ್ಲದ ಮಾದರಿಯೂ ಇದೆ, ನಾನು ತೆಗೆದುಕೊಂಡದ್ದು ತಂತಿಯದ್ದು. ಜೊತೆಗೆ ಕೊಟ್ಟ ಕಾಗದದಲ್ಲಿ ಎಲ್ಲವೂ ಕಾರಿನ ಮಾತು. ಬೈಕಿನ ಬಗ್ಗೆ ಒಂದಕ್ಷರ ಇಲ್ಲ. ಮೊದಲ ಅರ್ಧ ಸ್ಟಾರ್ ಅಲ್ಲೇ ಹೋಯಿತು.

ಬೈಕಿಗೆ ಇದನ್ನು ಕಟ್ಟುವುದೇ ಒಂದು ಮಧ್ಯಾಹ್ನದ ಕೆಲಸ. ಕಾರಿನ ಕೆಳಗೆ ಕಚ್ಚಿಸಲು ಅಂಚುಗಳು ಬೇಕಾದಷ್ಟು ಸಿಗುತ್ತವೆ. ಬೈಕಿನ ಡ್ರೈವ್ ಡಬ್ಬಿ ಗುಂಡಗೆ ನುಣ್ಣಗೆ, ಕ್ಲಿಪ್ ಜಾರುತ್ತದೆ. ಬೋಲ್ಟಿನ ತಲೆಗೆ, ಡಬ್ಬಿಯ ಏಣಿಗೆ ಕಚ್ಚಿಸಿ ಮೇಲೆ ಕೇಬಲ್ ಟೈ ಬಿಗಿದೆ. ಒಂದು ಹಿಂದಿನ ಡ್ರೈವಿಗೆ, ಒಂದು ಆಕ್ಸೆಲಿನ ಇನ್ನೊಂದು ತುದಿಗೆ, ಒಂದು ಸ್ವಿಂಗ್‌ಆರ್ಮಿನ ನಡುವೆ, ಒಂದು ಮಿಡಲ್ ಗೇರ್ ಡಬ್ಬಿಗೆ, ಒಂದು ಇಂಜಿನ್ನಿಗೆ, ಕೊನೆಯದು ಸುಮ್ನೆ ಫ್ರೇಮಿಗೆ. ಫ್ರೇಮಿನದ್ದು ಬೇಕೇ ಬೇಕು, ಉಳಿದವು ಅದಕ್ಕಿಂತ ಎಷ್ಟು ಜೋರು ಅಂತ ಹೋಲಿಸಲು ಏನಾದರೂ ಇರಬೇಕು. ತಂತಿಗಳು ಚಕ್ರ, ಡಿಸ್ಕ್, ಸೈಲೆನ್ಸರ್ ಮೂರರಿಂದಲೂ ದೂರ ಇರಬೇಕು, ಸಸ್ಪೆನ್ಶನ್ ಕೆಳಗಿಳಿದಾಗಲೂ ದೂರ ಇರಬೇಕು. ಇದನ್ನು ಮೂರು ಸಲ ನೋಡಿದೆ. ಆದರೂ ಒಂದು ತಪ್ಪಿಹೋಯಿತು, ಆ ಕಥೆ ಆಮೇಲೆ.

ಕೇಳುವವನು ಓಡಿಸುವವನಾಗಬಾರದು. ಕಿವಿ ತುಂಬಾ ಗೇರಿನ ಸದ್ದು ತುಂಬಿಕೊಂಡು ರಸ್ತೆ ನೋಡುವುದು ಆಗದ ಮಾತು. ಗೆಳೆಯನೊಬ್ಬನನ್ನು ಹಿಂದೆ ಕೂರಿಸಿದೆ, ಹೆಡ್‌ಫೋನ್ ಅವನ ಹೆಲ್ಮೆಟ್ಟಿನೊಳಗೆ ಹೋಗದೆ ಕೊನೆಗೆ ತೆಳ್ಳನೆಯ ಇಯರ್‌ಫೋನ್ ಚುಚ್ಚಿದೆವು. ಹೇಗೂ ಜೊತೆಗೆ ಬಂದ ಹೆಡ್‌ಫೋನ್ ಆಟಿಕೆ ಸಾಮಾನಿನ ಹಾಗಿತ್ತು. ಇನ್ನೊಂದು ಅರ್ಧ ಸ್ಟಾರ್. ಖಾಲಿ ನೇರ ರಸ್ತೆ, ಒಂದೇ ವೇಗ, ನಾನು ರೇಸ್ ಕೊಡುವುದು ಬಿಡುವುದು, ಅವನು ಗುಂಡಿ ತಿರುಗಿಸುವುದು. ಯಾವ ನಂಬರು ಜೋರೋ ಅಷ್ಟು ಸಲ ಬೆನ್ನಿಗೆ ತಟ್ಟು ಅಂದಿದ್ದೆ. ನಾಲ್ಕು ತಟ್ಟಿದ. ಇನ್ನೊಂದು ಸುತ್ತು, ಮತ್ತೆ ನಾಲ್ಕು. ನಾಲ್ಕು ಅಂದರೆ ಮಿಡಲ್ ಗೇರ್.

"ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಗುರೂ?" ನಿಲ್ಲಿಸಿ ಕೇಳಿದೆ.

"ಹಿಂದಿನದ್ದು ಸೊಳ್ಳೆ. ಇದು ಜೀರುಂಡೆ ಮಾರಾಯ."

ಖುಷಿಪಟ್ಟು ಮನೆಗೆ ಹೊರಡುವ ಹೊತ್ತಿಗೆ ಒಂದು ಅನುಮಾನ ಬಂತು, ಬಂದದ್ದು ಒಳ್ಳೆಯದೇ ಆಯಿತು. ಆರು ಮೈಕ್‌ಗಳೂ ಒಂದೇ ಸಮ ಇವೆ ಅಂತ ಯಾರು ಹೇಳಿದರು? ನಾಲ್ಕನೇ ಕ್ಲಿಪ್ಪನ್ನೂ ಒಂದನೇ ಕ್ಲಿಪ್ಪನ್ನೂ ಅದಲು ಬದಲು ಮಾಡಿ ಮತ್ತೆ ಓಡಿಸಿದೆವು. ಮಿಡಲ್ ಗೇರೇ ಜೋರು, ಆದರೆ ವ್ಯತ್ಯಾಸ ಮೊದಲಿನಷ್ಟು ಇರಲಿಲ್ಲ. ಅಂದರೆ ನಾಲ್ಕನೇ ಮೈಕ್ ಸ್ವಲ್ಪ ಹೆಚ್ಚು ಚುರುಕು. ಮನೆಗೆ ಬಂದು ಆರನ್ನೂ ಒಂದೇ ಬೋಲ್ಟಿಗೆ ಒಂದೊಂದಾಗಿ ಕಚ್ಚಿಸಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳ ಇಲ್ಲ. ಈ ವಿಷಯ ಆ ಕಾಗದದಲ್ಲಿ ಇರಬೇಕಿತ್ತು. ಅದಲು ಬದಲು ಮಾಡದೆ ಈ ಕಿಟ್‌ನ ಮಾತು ನಂಬಿದರೆ ಸ್ಕ್ರೂಡ್ರೈವರ್ ನಂಬಿದಷ್ಟೇ ತಪ್ಪಾಗುತ್ತದೆ. ಉಳಿದ ಅರ್ಧ ಸ್ಟಾರ್ ಹೋದದ್ದು ಇಲ್ಲಿ.

ಇನ್ನೊಂದು ವಿಷಯ. ಪೆಟ್ಟಿಗೆ ಹೇಳುವುದು ಎಲ್ಲಿ ಜೋರು ಅಂತ ಮಾತ್ರ. ಯಾಕೆ ಅಂತ ಹೇಳುವುದಿಲ್ಲ. ಮೊದಲು ಟೈರ್ ಬದಲಿಸಿ, ಗೇರ್ ಇಳಿಸಿ, ಕ್ಲಚ್ ಹಿಡಿದು ನೋಡಿರದಿದ್ದರೆ ಗೆಳೆಯನಿಗೆ ಆರು ಕಡೆಯೂ ಗದ್ದಲವೇ ಕೇಳುತ್ತಿತ್ತು, ಯಾವ ಗದ್ದಲವನ್ನು ಹಿಂಬಾಲಿಸಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಕಬ್ಬಿಣ, ಅಲ್ಯೂಮಿನಿಯಮ್ ಎರಡೂ ಸದ್ದನ್ನು ಎಲ್ಲೆಲ್ಲಿಗೋ ಹೊತ್ತೊಯ್ಯುತ್ತವೆ. ಸ್ವಿಂಗ್‌ಆರ್ಮ್ ಅಂತೂ ಒಳ್ಳೇ ಕೊಳವೆ. ಗ್ಯಾರೇಜಿನವರು ಹಿಂದಿನ ಡಬ್ಬಿಗೆ ಒಂದೇ ಕಡೆ ಸ್ಕ್ರೂಡ್ರೈವರ್ ಇಟ್ಟರು, ಸದ್ದು ಕೇಳಿತು, ಅಲ್ಲೇ ಅಂದರು. ಮುಂದೆಯೂ ಒಂದು ಸಲ ಇಟ್ಟು ಹೋಲಿಸಿದ್ದರೆ ಸಾಕಿತ್ತು.

ಮಿಡಲ್ ಗೇರ್ ಬಿಚ್ಚುವ ಮೊದಲು ಅದರ ಎಣ್ಣೆ ನೋಡೋಣ ಅಂತ ಮ್ಯಾನ್ಯುಯಲ್ ತೆಗೆದೆ. ಎಷ್ಟೋ ಗಾಡಿಗಳಲ್ಲಿ ಮಿಡಲ್ ಗೇರಿಗೆ ಇಂಜಿನ್ ಆಯಿಲ್ಲೇ ಹೋಗುತ್ತದೆ, ಬೇರೆ ಯೋಚನೆ ಬೇಡ. ಕೆಲವು ಹಳೆಯ ಗಾಡಿಗಳಲ್ಲಿ, ಯಮಹಾದ ಎಕ್ಸ್‌ಎಸ್ 1100 ಥರದವುಗಳಲ್ಲಿ, ಅದಕ್ಕೆ ಬೇರೆಯೇ ಎಣ್ಣೆ, ಬೇರೆಯೇ ಪ್ಲಗ್. ಇಂಜಿನ್ನಿಗೆ ಒಂದು, ಮಿಡಲ್ ಗೇರಿಗೆ ಒಂದು, ಹಿಂದಿನ ಡ್ರೈವಿಗೆ ಒಂದು, ಒಟ್ಟು ಮೂರು. ನನ್ನದೂ ಅಂಥದ್ದೇ ಜೋಡಣೆ. ನಾನು ಇಷ್ಟು ವರ್ಷ ಬದಲಿಸಿದ್ದು ಎರಡನ್ನು. ಓದಿ ಕೂತಲ್ಲೇ ಕೂತೆ.

ಪ್ಲಗ್ ಬಿಚ್ಚಿದರೆ ಬಂದದ್ದು ಇರಬೇಕಾದ್ದರ ಅರ್ಧವೂ ಇಲ್ಲ. ಕಪ್ಪು, ಸುಟ್ಟ ವಾಸನೆ, ಬಿಸಿಲಿಗೆ ಹಿಡಿದರೆ ಒಳಗೆ ಮಿನುಗು. ಆದರೆ ನೆಲದ ಮೇಲೆ ಒಂದು ಹನಿ ಎಣ್ಣೆಯನ್ನೂ ನಾನು ಎಂದೂ ನೋಡಿಲ್ಲ. ಹಾಗಾದರೆ ಎಲ್ಲಿ ಹೋಯಿತು? ಶಾಫ್ಟ್ ಸ್ವಿಂಗ್‌ಆರ್ಮಿನೊಳಗೆ ನುಗ್ಗುವ ಕಡೆ ಒಂದು ರಬ್ಬರ್ ಬೂಟ್ ಇರುತ್ತದೆ, ಮಡಿಕೆ ಮಡಿಕೆಯದ್ದು. ಅದರ ಕ್ಲ್ಯಾಂಪ್ ಸಡಿಲ ಮಾಡಿದ ಕೂಡಲೇ ಎಣ್ಣೆಯೆಲ್ಲ ನನ್ನ ತೋಳಿನ ಮೇಲೆ ಬಂತು. ಮಿಡಲ್ ಗೇರಿನ ಆಯಿಲ್ ಸೀಲ್ ಹೋಗಿ ಒಳಗೊಳಗೇ ಸೋರಿ ಬೂಟಿನಲ್ಲಿ ತುಂಬಿಕೊಂಡಿತ್ತು.

ಹೊಸ ಎಣ್ಣೆ ಹಾಕಿ ಓಡಿಸಿ ನೋಡಿದೆ, ಸದ್ದು ಇಳಿಯಿತು, ಹೋಗಲಿಲ್ಲ. ಆಗ ಬಿಚ್ಚಿಸಿದೆ, ಬೇರೆ ಕಡೆ, ಶಿಮ್ (ಅಂತರ ಹೊಂದಿಸುವ ತೆಳ್ಳನೆಯ ಬಿಲ್ಲೆ) ಅಳೆದು ಹೊಂದಿಸುವ ಅಭ್ಯಾಸ ಇದ್ದವರ ಹತ್ತಿರ. ಹಲ್ಲುಗಳು ಚೆನ್ನಾಗಿದ್ದವು. ಬಣ್ಣ ಹಚ್ಚಿ ತಿರುಗಿಸಿ ನೋಡಿದಾಗ ಮಾತ್ರ ಹಲ್ಲು ಕೂಡುವ ಗುರುತು ನಡುವಿನಲ್ಲಿ ಇರದೆ ಒಂದು ಅಂಚಿಗೆ ಸರಿದಿತ್ತು. ಪಿನಿಯನ್ ಬೇರಿಂಗ್ ಹೊರತೆಗೆದರೆ ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಬೇರಿಂಗಿನ ತಪ್ಪಿಗೆ ಗೇರು ಕೂಗುವುದು ಅಂದಿದ್ದೆನಲ್ಲ, ಅದು ಇದು. ಬೇರಿಂಗ್ ಮತ್ತು ಸೀಲ್ ಹೊಸದು ಹಾಕಿ, ಹಲ್ಲುಗಳ ನಡುವಿನ ಪ್ಲೇ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಕ್ಕೆ, ಶಿಮ್ ಕೊಟ್ಟು ಕೂರಿಸಿದರು. ಹೇಗೂ ಶಾಫ್ಟ್ ಹೊರಗೆ ಬಂದಿದೆಯಲ್ಲ ಅಂತ ಸ್ಪ್ಲೈನ್‌ಗಳಿಗೆ ಮೊಲಿಬ್ಡಿನಮ್ ಪೇಸ್ಟ್ ಹಚ್ಚಿಸಿದೆ. ಅದು ಕುಂಯ್‌ಗೆ ಮದ್ದಲ್ಲ, ಆದರೆ ಅದನ್ನು ಹಚ್ಚಲೆಂದೇ ಯಾರೂ ಇಷ್ಟು ಬಿಚ್ಚುವುದಿಲ್ಲ.

ಈಗ 80ರಲ್ಲಿ ಕಿವಿ ಕೊಟ್ಟು ಹುಡುಕಿದರೆ ತೆಳ್ಳಗೆ ಒಂದು ಹಾಡು ಕೇಳುತ್ತದೆ, ಗಾಡಿ ಕೊಂಡ ದಿನ ಇದ್ದಷ್ಟು. ಹಿಂದಿನ ಡ್ರೈವ್ ಹಳೆಯದೇ ಇದೆ, ಮುಟ್ಟಲಿಲ್ಲ.

ಕಿಟ್ ಯಾರಿಗೆ ಬೇಕು? ಶಾಫ್ಟ್ ಗಾಡಿ ಇಟ್ಟುಕೊಂಡು ತಾವೇ ಸ್ಪ್ಯಾನರ್ ಹಿಡಿಯುವವರಿಗೆ, ನಾಲ್ಕು ಜನ ಸೇರಿ ಒಂದನ್ನು ಇಟ್ಟುಕೊಂಡರೂ ಸಾಕು. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು. ಚೈನ್ ಗಾಡಿಯವರಿಗೆ ಬೇಡ, ಕಣ್ಣೇ ಸಾಕು. ಸ್ಟೆತೊಸ್ಕೋಪ್ ಎಲ್ಲರ ಹತ್ತಿರವೂ ಇರಲಿ, ಇಂಜಿನ್ನಿಗೆ ಒಳ್ಳೆಯದು. ಎರಡೂ ಕೊಳ್ಳುವ ಮೊದಲು ನಿಮ್ಮ ಗಾಡಿಗೆ ಎಷ್ಟು ಡ್ರೈನ್ ಪ್ಲಗ್ ಇವೆ ಅಂತ ಎಣಿಸಿ.

ತಪ್ಪಿಹೋದ ಕಥೆ ಅಂದೆನಲ್ಲ. ಅದಲು ಬದಲು ಮಾಡಿದಾಗ ನಾಲ್ಕನೇ ಕ್ಲಿಪ್ಪಿನ ತಂತಿ ಜಾರಿ ಸೈಲೆನ್ಸರಿಗೆ ತಾಗಿ ಕರಗಿತು. ಆರರಲ್ಲಿ ಚುರುಕಾಗಿದ್ದದ್ದು ಅದೊಂದೇ. ಗೆಳೆಯ ಮೊನ್ನೆ ತನ್ನ ಕಾರಿಗೆ ಅಂತ ಪೆಟ್ಟಿಗೆ ಒಯ್ದಿದ್ದಾನೆ, ಅದರಲ್ಲಿ ಈಗ ಐದು ಕಿವಿ.